ಚಾಚಾ ಮತ್ತು ಕೆಂಪು ಬಟನ್

ಅರವತ್ತರ ಆಸುಪಾಸಿನ, ಗಡ್ಡಕ್ಕೆ ಮೆಹಂದಿ ಹಚ್ಚುವ ನಮ್ಮ ಚಾಚಾ ಅವರ ಜೇಬಿನಲ್ಲಿ ಸದಾ ಒಂದು ಉಗುರುಬಣ್ಣದ ಸೀಸೆ ಇರುತ್ತದೆ. ದಯವಿಟ್ಟು ತಪ್ಪು ತಿಳಿಯಬೇಡಿ. ಅದು ಕಂಪ್ಯೂಟರಿಗೆ.

ನಮ್ಮ ಮಾಲೀಕರಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಒಂದೊಂದು ಡಿಟಿಪಿ ಅಂಗಡಿ. ನಾನು ಗಂಗಾವತಿಯಲ್ಲಿ ಟೈಪಿಸ್ಟು. ನಾಲ್ಕೂ ಕಡೆಯ ಕಂಪ್ಯೂಟರುಗಳ ರೋಗರುಜಿನ ನೋಡುವವರು ಚಾಚಾ. ಸಂಬಂಧದಲ್ಲಿ ನಮಗ್ಯಾರಿಗೂ ಚಾಚಾ ಅಲ್ಲ, ಆದರೂ ಎಲ್ಲರಿಗೂ ಚಾಚಾ.

ಇಂಗ್ಲಿಷಿನಿಂದ ಕನ್ನಡಕ್ಕೆ ಬರಲು ಬಟನ್ ಒತ್ತಬೇಕಲ್ಲ, ಅದು ಒಂದೊಂದು ಅಂಗಡಿಯಲ್ಲಿ ಒಂದೊಂದು. ನನ್ನದು ಬಲಮೂಲೆಯದು. ಯಲಬುರ್ಗಾದಲ್ಲಿ ಆ ತುದಿಯದೊಂದು, ಈ ತುದಿಯದೊಂದು, ಎರಡನ್ನೂ ಒಟ್ಟಿಗೆ ಒತ್ತಬೇಕು. ಕುಷ್ಟಗಿಯಲ್ಲಂತೂ ಕನ್ನಡದ ಬಟನ್ನೇ ಲಗ್ನಪತ್ರಿಕೆಯ ಸಾಫ್ಟ್‌ವೇರಿನಲ್ಲಿ ಪ್ರಿಂಟಿನ ಬಟನ್. ಒಂದು ದಿನ ವಧುವಿನ ಹೆಸರು ಬರೆಯಲು ಕನ್ನಡ ಒತ್ತಿದರೆ ವರನೊಬ್ಬನೇ ಅಚ್ಚಾಗಿ ಹೊರಬಂದ. ಬೀಗರ ಎದುರಿಗೇ, ಮೂರು ಸಲ.

"ಹಿಟ್ನಾಳ ಕ್ರಾಸಿನ್ಯಾಗ ಎರಡು ಬಸ್ಸು ಒಂದ ಜಾಗಾಕ್ಕ ನುಗ್ಗಿದ್ರ ಏನಾಗತೈತಿ? ಇದೂ ಹಂಗ ನೋಡ್ರಿ" ಎಂದರು ಚಾಚಾ.

ಅವತ್ತಿನಿಂದ ಶುರುವಾಯಿತು. ಕೀಬೋರ್ಡಿನ ಎಡಮೂಲೆಯಲ್ಲಿ ಯಾರೂ ಮುಟ್ಟದ ಒಂದು ಬಟನ್ ಇದೆ. ನಾಲ್ಕೂ ಊರಿನಲ್ಲಿ, ಎಲ್ಲ ಕಂಪ್ಯೂಟರಿನಲ್ಲಿ, ಕನ್ನಡಕ್ಕೆ ಅದೊಂದೇ ಎಂದು ಚಾಚಾ ತೀರ್ಮಾನಿಸಿದರು. ಬಸ್ಸಿನಲ್ಲಿ ಊರೂರು ತಿರುಗಿ, ಅದನ್ನು ಹೊಂದಿಸಿ, ಮೇಲೆ ಕೆಂಪು ಉಗುರುಬಣ್ಣ ಹಚ್ಚಿ, ಒಣಗುವವರೆಗೆ ಊದುತ್ತ ಕೂತರು.

ನನ್ನ ಬೆರಳು ಮಾತ್ರ ಹಳೆಯ ಮೂಲೆಗೇ ಹೋಗುತ್ತಿತ್ತು. ನವಲಿಯ ಭತ್ತದ ವ್ಯಾಪಾರಿಯೊಬ್ಬರ ಬ್ಯಾನರಿಗೆ 'ಶುಭಾರಂಭ' ಎಂದು ಹೊಡೆದೆ. ತಲೆಯೆತ್ತಿ ನೋಡಿದರೆ ತೆರೆಯ ತುಂಬ ಅರ್ಥವಿಲ್ಲದ ಚಿಕ್ಕದೊಡ್ಡ ಇಂಗ್ಲಿಷ್ ಅಕ್ಷರಗಳು. ಅವರು ಗಂಭೀರವಾಗಿ ನೋಡಿ, "ಇಂಗ್ಲಿಷ್ ಭಾಳ ಛಲೋ ಐತಿ, ಹಂಗ ಇರ್ಲಿ ಬಿಡ್ರಿ" ಎಂದರು.

"ಚಾಚಾ, ನಂದೊಂದು ಬಿಟ್ಟುಬಿಡ್ರಿ" ಎಂದು ಬೇಡಿಕೊಂಡೆ.

"ಒಂದು ಬಿಟ್ರ ಎಲ್ಲಾ ಬಿಟ್ಟಂಗ" ಎಂದು ಇನ್ನೊಂದು ಪದರ ಬಣ್ಣ ಹಚ್ಚಿದರು.

ಸಿಟ್ಟು ಬಂತು. ಮಾಲೀಕರಿಗೆ ದೂರು ಹೇಳಿದೆ. ಎಲ್ಲ ಟೈಪಿಸ್ಟರೂ ಸಹಿ ಮಾಡಿ ಕೊಟ್ಟರೆ ಹಳೆಯದನ್ನೇ ಮಾಡಿಸುತ್ತೇನೆ ಎಂದರು ಮಾಲೀಕರು. ಚಾಚಾ ವಿರುದ್ಧದ ಅರ್ಜಿಯನ್ನು ನಾನೇ ಟೈಪು ಮಾಡಿದೆ, ಕೆಂಪು ಬಟನ್ ಒತ್ತಿಯೇ. ಉಳಿದದ್ದು ಯಲಬುರ್ಗಾ ಅಂಗಡಿಯ ಟೈಪಿಸ್ಟ್ ಅಕ್ಕನ ಸಹಿ ಒಂದೇ. ಫೋನಿನಲ್ಲಿ ಎಷ್ಟೋ ಸಲ ಮಾತಾಡಿದ್ದೆವು, ಮುಖ ನೋಡಿರಲಿಲ್ಲ. ಬಸ್ಸು ಹತ್ತಿ ಹೋದೆ.

ಅಕ್ಕ ಎಡಗೈಯೊಂದರಲ್ಲೇ ಟೈಪು ಮಾಡುತ್ತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಮಲಗಿತ್ತು.

"ಲಕ್ವಾ ಹೊಡದಿತ್ತು ತಮ್ಮಾ" ಎಂದರು. "ಮೊದ್ಲ ಎರಡು ಬಟನ್ ಒಟ್ಟಿಗೆ ಒತ್ತಬೇಕಿತ್ತಲ್ಲ, ಒಂದನ್ನ ಗದ್ದದಿಂದ ಒತ್ತತಿದ್ದೆ. ಗಿರಾಕಿಗಳು ನಗತಿದ್ರು. ಒಂದಿನ ಚಾಚಾ ನೋಡಿದ್ರು. ಮುಂದಿನ ತಿಂಗಳು ಮಾಲೀಕರು ನನ್ನ ಕುಷ್ಟಗಿಗೆ ಹಾಕ್ಯಾರ, ಆಮ್ಯಾಲ ನಿಮ್ಮ ಗಂಗಾವತಿಗೆ. ಎಲ್ಲಿಗೆ ಹೋದ್ರೂ ಕೆಂಪು ಬಟನ್ ಇರತೈತಿ, ಅಂಜಬ್ಯಾಡ ಅಂದಾರ ಚಾಚಾ."

ನಂತರ ನನ್ನ ಅರ್ಜಿಯನ್ನು ಓದಿದರು. ಎಡಗೈಯಲ್ಲಿ ಪೆನ್ನು ತೆಗೆದುಕೊಂಡರು. "ಎಲ್ಲಾರೂ ಮಾಡ್ಯಾರಲ್ಲ. ನಾ ಒಬ್ಬಾಕಿ ಸಲುವಾಗಿ ಎಲ್ಲಾರಿಗೂ ಯಾಕ ತ್ರಾಸು? ಎಲ್ಲಿ ಮಾಡ್ಲಿ?"

ಕಾಗದ ಕಿತ್ತುಕೊಂಡೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಇಷ್ಟು ಬೈಸಿಕೊಂಡರೂ ಚಾಚಾ ಅಕ್ಕನ ಕೈಯ ವಿಷಯ ನಮಗೆ ಯಾರಿಗೂ ಹೇಳಿರಲಿಲ್ಲ.

ಮರುವಾರ ಚಾಚಾ ಗಂಗಾವತಿಗೆ ಬಂದಾಗ ಕೀಬೋರ್ಡನ್ನು ಅವರ ಮುಂದೆ ಹಿಡಿದೆ.

"ಬಣ್ಣ ಸವದೈತ್ರಿ ಚಾಚಾ."

ಕನ್ನಡಕ ಏರಿಸಿ ನೋಡಿದರು. "ಎಲ್ಲಿ ಸವದೈತಿ? ಛಲೋ ಐತಲ್ಲ."

"ಇರ್ಲಿ, ಹಚ್ರಿ" ಎಂದೆ. "ಅಕ್ಕ ಬರಾಕಿ ಅದಾಳ."