ನಲವತ್ತನಾಲ್ಕರ ಹುಡುಗ

ಮನುಷ್ಯ ಎಲ್ಲಿಯವರೆಗೆ ಹುಡುಗ ಎಂಬ ಪ್ರಶ್ನೆಗೆ ಸರ್ಕಾರದ ಉತ್ತರ ಒಂದು, ನಮ್ಮೂರಿನ ಉತ್ತರ ಇನ್ನೊಂದು. ಸರ್ಕಾರ ವರ್ಷ ಎಣಿಸುತ್ತದೆ. ಯಲಹಂಕದಿಂದ ಜಕ್ಕೂರಿನ ಕಡೆಗೆ ಒಳಗಿರುವ ನಮ್ಮೂರು, ಅಪ್ಪ ಇದ್ದಾನೆಯೇ ಎಂದು ನೋಡುತ್ತದೆ. ಅಪ್ಪ ಇದ್ದರೆ ನೀವು ಹುಡುಗ. ಅರಳಿಕಟ್ಟೆಯ ಮೇಲೆ ಯಜಮಾನರು ಕೂತಿರುವಾಗ ನೀವು ಕೆಳಗೆ ನಿಂತಿರಬೇಕು. ಅಪ್ಪ ಹೋದರೆ, ಮೀಸೆ ಮೂಡದಿದ್ದರೂ ನೀವು ಮನೆಯ ಯಜಮಾನ; ಕಟ್ಟೆ ಹತ್ತಿ ಕೂರಬಹುದು. ಈ ಲೆಕ್ಕದಲ್ಲಿ ನಾನು ನಲವತ್ತನಾಲ್ಕನೆಯ ವಯಸ್ಸಿನಲ್ಲಿಯೂ ಹುಡುಗನಾಗಿದ್ದೆ. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು, ಮಗಳಿಗೆ ಗಂಡು ನೋಡುತ್ತಿದ್ದೆವು. ಯಶವಂತಪುರದ ಗೂಡ್ಸ್ ಶೆಡ್ಡಿನ ಎದುರಿನ ಖಾಸಗಿ ಸಾಗಣೆ ಕಂಪನಿಯಲ್ಲಿ ಬೆಳಿಗ್ಗೆ ನಾನು ಒಳಗೆ ಬಂದರೆ ಕಿರಿಯ ಗುಮಾಸ್ತರು ಎದ್ದು ನಿಲ್ಲುತ್ತಿದ್ದರು. ಸಂಜೆ ಕಟ್ಟೆಯ ಬಳಿ ನಾನು ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಹಾಕುತ್ತ ನಿಲ್ಲುತ್ತಿದ್ದೆ. ಕಟ್ಟೆಯ ಮೇಲೆ ಕೂತ ಅಪ್ಪ ಒಮ್ಮೊಮ್ಮೆ ನನ್ನನ್ನು ನೋಡಿ, "ನೆಟ್ಟಗೆ ನಿಂತ್ಕೊಳ್ಳಾ" ಎನ್ನುತ್ತಿದ್ದರು.

ಇದರ ಉಲ್ಟಾ ಮುನಿರಾಜು. ಇಪ್ಪತ್ತಾರರ ಯುವಕ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವನು, ಹಾಗಾಗಿ ಹಲ್ಲಿಲ್ಲದ ಯಜಮಾನರ ನಡುವೆ ಕೂತೇ ಬೆಳೆದವನು. ಗೆಳೆಯರು ಕೆಳಗೆ ನಿಂತು ನಗುತ್ತಿದ್ದರೆ, ಅವನು ಮೇಲೆ ಕೂತು ಮಂಡಿನೋವಿನ ಮಾತು ಕೇಳಬೇಕಾಗಿತ್ತು. ಅವನೂ ಊರಿನ ಹತ್ತಾರು ಹುಡುಗರೂ ಸೈಕಲ್ಲಿನಲ್ಲಿ ಜಾಲಹಳ್ಳಿಯ ಕಾರ್ಖಾನೆಗಳಿಗೆ ಹೋಗುವವರು. ಮಳೆ ಬಂದರೆ ಯಲಹಂಕದವರೆಗೆ ಸೈಕಲ್ಲು ಅವರನ್ನು ಹೊರುತ್ತಿರಲಿಲ್ಲ. ಕೆಸರಿನಲ್ಲಿ ಅವರೇ ಅದನ್ನು ಹೆಗಲ ಮೇಲೆ ಹೊರುತ್ತಿದ್ದರು. ಒಂದು ರಸ್ತೆ ಆಗಲಿ ಎಂದು ಮುನಿರಾಜು ಕಟ್ಟೆಯ ಮೇಲೆ ಎಷ್ಟೋ ಸಲ ಕೇಳಿದ್ದ. ಯಜಮಾನರಲ್ಲಿ ಹಿರಿಯರಾದ ಪಿಳ್ಳಪ್ಪನವರು, "ರೋಡ್ ಯಾಕಪ್ಪಾ? ನಾವ್ ಎಲ್ಲೂ ಓಗಲ್ವಲ್ಲ" ಎಂದಿದ್ದರು.

ಪಂಚಾಯಿತಿ ಚುನಾವಣೆ ಬಂತು. ಪೇಟೆಯಿಂದ ಖಾದಿ ಜುಬ್ಬದವರೊಬ್ಬರು ಬಂದು, "ಈ ಸಲ ನಿಮ್ಮೂರಿಂದ ಒಬ್ಬ ಹುಡುಗನನ್ನ ನಿಲ್ಲಿಸ್ಬೇಕು. ಎಳೆಯರ ಕಷ್ಟ ಎಳೆಯರೇ ಹೇಳ್ಬೇಕು" ಎಂದರು. ಕಟ್ಟೆ ಕೂಡಲೇ ಒಪ್ಪಿತು. ಮುನಿರಾಜು, "ನಾನು ನಿಲ್ತೀನಿ" ಎಂದ.

"ನೀನೆಂಗಪ್ಪಾ ನಿಲ್ತೀಯಾ?" ಪಿಳ್ಳಪ್ಪನವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಉಡುಗ್ರು ಬೇಕು ಅಂತಾವ್ರೆ. ನೀನು ಯಜಮಾನ."

ಆಮೇಲೆ ಅವರ ಕಣ್ಣು ಕೆಳಗೆ ನಿಂತವರ ಮೇಲೆ ಹರಿದು, ಓದು ಬಲ್ಲವನೆಂದು ನನ್ನ ಮೇಲೆ ನಿಂತಿತು. ಜುಬ್ಬದವರು ನನ್ನ ತಲೆಯನ್ನು ನೋಡಿದರು, ನನ್ನ ಕನ್ನಡಕವನ್ನು ನೋಡಿದರು. "ಹುಡುಗ ಎಲ್ಲಿ?" ಎಂದರು. ಅಪ್ಪ ಹೆಮ್ಮೆಯಿಂದ, "ಇವ್ನೇಯ. ಒಸಿ ನಾಚ್ಕೆ" ಎಂದರು.

ನಾನು ಬೇಡ ಎನ್ನಬೇಕಿತ್ತು, ಆದರೆ ಅಪ್ಪ ಮಾರನೆಯ ಬೆಳಿಗ್ಗೆಯೇ ಕೋಲೂರಿಕೊಂಡು ಮನೆಮನೆಗೆ ಹೊರಟುಬಿಟ್ಟಿದ್ದರು. ನಾನು ಹಿಂದೆ ಕೈಕಟ್ಟಿಕೊಂಡು ನಡೆದೆ. ಅವರ ಕೋಲಿನ ತುದಿಗೆ ಕಬ್ಬಿಣದ ಬಿಲ್ಲೆ ಇತ್ತು. ಬೀದಿಯ ಚಪ್ಪಡಿಯ ಮೇಲೆ ಟಕ್ ಎನ್ನುತ್ತಿತ್ತು. ಪ್ರತಿ ಬಾಗಿಲಲ್ಲೂ ಒಂದೇ ಭಾಷಣ: "ನಮ್ ಉಡುಗ ನಿಂತವ್ನೆ, ಕೈ ಬಿಡಬ್ಯಾಡಿ. ಅವ್ನಿಗೆ ಬುದ್ದಿ ಬರೋಗಂಟ ನಾನಿರ್ತೀನಿ."

ಅವರು ಇರಲಿಲ್ಲ. ನಾನು ಅರ್ಜಿ ಹಾಕುವ ಮೊದಲೇ, ಒಂದು ಮಧ್ಯಾಹ್ನ ಉಂಡು ಜಗಲಿಯಲ್ಲಿ ಮಲಗಿದವರು ಏಳಲಿಲ್ಲ. ಕೋಲು ಗೋಡೆಗೆ ಒರಗಿಸಿದ ಹಾಗೆಯೇ ಇತ್ತು. ಬುದ್ಧಿಯ ವಿಷಯದಲ್ಲಿ ನಾನು ಎಲ್ಲಿದ್ದೆನೋ ಅಲ್ಲೇ ಇದ್ದೆ.

ತಿಥಿ ಮುಗಿದ ಮಾರನೆಯ ಸಂಜೆ ಪಿಳ್ಳಪ್ಪನವರು ನನ್ನ ಕೈ ಹಿಡಿದು, "ಬಾರಪ್ಪಾ, ಮೇಲ್ ಬಾ" ಎಂದರು. ಅವರು ನನ್ನನ್ನು ಅಪ್ಪಾ ಎಂದದ್ದು ಅದೇ ಮೊದಲು. ಕಟ್ಟೆ ಹತ್ತಿ ಮುನಿರಾಜುವಿನ ಪಕ್ಕದಲ್ಲಿ ಕೂತೆ. ಅಷ್ಟು ವರ್ಷ ಕೆಳಗಿನಿಂದ ನೋಡಿದ ಕಟ್ಟೆ, ಮೇಲೆ ಕೂತರೆ ಬಹಳ ಗಟ್ಟಿ, ಬಹಳ ತಣ್ಣಗೆ.

"ಇನ್ನು ನಿನ್ಗೆ ಎಲೆಕ್ಸನ್ ಆಗಕಿಲ್ಲ. ಬ್ಯಾರೆ ಉಡುಗನ್ನ ನೋಡ್ಬೇಕು" ಎಂದ ಪಿಳ್ಳಪ್ಪನವರು ಕೆಳಗೆ ನೋಡಿದರು. ಅಲ್ಲಿ ಚಿಕ್ಕಣ್ಣ ನಿಂತಿದ್ದ. ವಯಸ್ಸು ಐವತ್ತೆರಡು, ಕಂಕುಳಲ್ಲಿ ಮೊಮ್ಮಗು. ಅವನ ತಂದೆ ಹಾಸಿಗೆ ಹಿಡಿದಿದ್ದರೂ ಇದ್ದರು. ಮುನಿರಾಜು ಕೆಸರು ಒಣಗಿದ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

"ಮುನಿರಾಜು ನಿಲ್ಲಲಿ, ದೊಡ್ಡಪ್ಪಾ" ಎಂದೆ. ಕಟ್ಟೆಯ ಮೇಲಿಂದ ನಾನಾಡಿದ ಮೊದಲ ಮಾತು ಅದು.

"ಅವ್ನು ಯಜಮಾನ ಕಣಪ್ಪಾ."

"ಅವನ ತಾಯಿ ಇದ್ದಾರಲ್ಲ?"

ತಾಯಿಯನ್ನು ಲೆಕ್ಕಕ್ಕೆ ತರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. "ಮೊನ್ನೆ ಬಾವಿ ಹತ್ರ ಇವನನ್ನ ಬೈತಿದ್ದದ್ದು ಯಾರು?" ಎಂದೆ.

"ಮುನಿಯಮ್ಮಕ್ಕ" ಎಂದ ಚಿಕ್ಕಣ್ಣ ಕೆಳಗಿನಿಂದ. "ಪಕ್ಕದಲ್ ಇದ್ದೆ ಅಂತ ನನ್ನೂ ಸೇರಿಸ್ಕೊಂಡ್ ಬೈದ್ಲು."

"ನನ್ನೇ ಬಿಡಲ್ಲ ಅವ್ಳು" ಎಂದು ಪಿಳ್ಳಪ್ಪನವರು ಒಪ್ಪಿಕೊಂಡರು.

"ಬುದ್ಧಿ ಬರೋವರೆಗೂ ನಾನಿರ್ತೀನಿ ಅಂತ ಅಪ್ಪ ಹೇಳ್ತಿದ್ರು. ಹಾಗೆ ಅನ್ನೋರು ಮನೇಲಿ ಒಬ್ಬರಿದ್ರೆ ಅವನು ಹುಡುಗನೇ ಅಲ್ವಾ, ದೊಡ್ಡಪ್ಪಾ?"

ಜಕ್ಕೂರಿನ ತರಬೇತಿ ವಿಮಾನವೊಂದು ಮೇಲೆ ಹಾದುಹೋಯಿತು. ವಾಡಿಕೆಯಂತೆ ಎಲ್ಲರೂ ತಲೆ ಎತ್ತಿ, ಅದು ಮರೆಯಾಗುವವರೆಗೆ ನೋಡಿದರು. ತಲೆ ಇಳಿಸಿದ ಪಿಳ್ಳಪ್ಪನವರು ಮುನಿರಾಜುವಿನ ಕಡೆ ತಿರುಗಿ, "ಇಳೀಲಾ ಕೆಳಕ್ಕೆ" ಎಂದರು.

ಸ್ಥಾನ ಕಳೆದುಕೊಂಡು ಅಷ್ಟು ಸಂತೋಷಪಟ್ಟವನನ್ನು ನಾನು ಕಂಡಿಲ್ಲ. ಮೆಟ್ಟಿಲನ್ನೂ ನೋಡದೆ ಹಾರಿದ. ಗೆಳೆಯರು ಅವನ ಬೆನ್ನಿಗೆ ಗುದ್ದಿದರು. ಇಷ್ಟು ವರ್ಷದ ಬಾಕಿಯೆಲ್ಲ ಆ ಗುದ್ದುಗಳಲ್ಲಿತ್ತು.

ಮುನಿರಾಜು ಗೆದ್ದ. ರಸ್ತೆ ಯಲಹಂಕದ ಕಡೆಯಿಂದ ಅರ್ಧದವರೆಗೆ ಬಂದಿದೆ. ಉಳಿದರ್ಧಕ್ಕೆ ಸೈಕಲ್ಲು ಈಗಲೂ ಹೆಗಲ ಮೇಲೆ. ಕಟ್ಟೆಯ ಮೇಲೆ ಅವನ ಜಾಗ ನನ್ನದಾಗಿದೆ. ಮಂಡಿನೋವಿನ ಮಾತಿಗೆ ನಾನೂ ಒಂದೆರಡು ವಾಕ್ಯ ಸೇರಿಸಬಲ್ಲೆ.

ಮೊನ್ನೆ ಸಂಜೆ ಬೀದಿಯ ಚಪ್ಪಡಿಯ ಮೇಲೆ ಟಕ್ ಎಂದಿತು. ನಾನು ಎದ್ದು ನಿಂತುಬಿಟ್ಟೆ. ಬಂದವರು ಕೋಲೂರಿದ ಬೇರೆ ಯಾರೋ. ಎಲ್ಲರೂ ನನ್ನನ್ನು ನೋಡಿದರು. ಪಿಳ್ಳಪ್ಪನವರು ಮೆಲ್ಲಗೆ, "ಕೂತ್ಕೊಳ್ಳಾ, ಉಡುಗ" ಎಂದು, ತಕ್ಷಣ ನಾಲಗೆ ಕಚ್ಚಿಕೊಂಡರು.

ನಾನು ಕೇಳಿಸದವನಂತೆ ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದೆ, ಇನ್ನೊಂದು ಸಲ ಅಂದಾರೇನೋ ಎಂದು.