ಮೆಲುಕು ಹಾಕಲೊಪ್ಪದ ಟಗರಿನ ಕುರಿತು

ಕುರಿ ಸಾಕಣೆ ಮತ್ತು ಮಾಂಸ ಘಟಕ
(ಮೇವು, ಆತಂಕ ನಿವಾರಣೆ ಹಾಗೂ ನೆಮ್ಮದಿ ವಿಭಾಗ)

ಸಂಖ್ಯೆ: ನೆಮ್ಮದಿ/ಕುರಿ/ತಿದ್ದುಪಡಿಯ ತಿದ್ದುಪಡಿ/೪
ದಿನಾಂಕ: ಮೊಹರು ಸರಿಯಾಗಿ ಬಿದ್ದ ದಿನ

ವಿಷಯ: ದೊಡ್ಡಿಯ ಕುರಿಗಳನ್ನು ಕೊಯ್ಯುವ ಮುನ್ನ ನೆಮ್ಮದಿಯಿಂದ ಇಡುವ ಬಗ್ಗೆ, ಹಾಗೂ ‘ಅಳಿಯ’ ಎಂಬ ಟಗರು ಇದಕ್ಕೆ ಸಹಕರಿಸದಿರುವ ಬಗ್ಗೆ.

ಉಲ್ಲೇಖ: (೧) ಇದೇ ವಿಭಾಗದ ಹಿಂದಿನ ಸುತ್ತೋಲೆ.
(೨) ಅದರ ತಿದ್ದುಪಡಿ (ಸದ್ಯ ಲಭ್ಯವಿಲ್ಲ, ಕಾರಣಕ್ಕೆ ಕಂಡಿಕೆ ೭ ನೋಡುವುದು).
(೩) ಮೇವು ಹಾಕುವ ಅಕ್ಕನವರ ಮೌಖಿಕ ಮನವಿ. ಅದೇ ಮನವಿ ಮತ್ತೊಮ್ಮೆ. ಅದೇ ಮನವಿ ಅಳುತ್ತಾ.

ಪ್ರಸ್ತಾವನೆ:

ಹೆದರಿದ ಕುರಿಯ ಮಾಂಸ ಕಪ್ಪಾಗಿ, ಗಟ್ಟಿಯಾಗಿ, ಬೇಗ ಕೆಡುವುದರಿಂದ, ತಪಾಸಣೆಯ ವೇಳೆ ಮೆಲುಕು ಹಾಕುತ್ತಿರುವ ಕುರಿಯನ್ನು ಮಾತ್ರ ‘ನೆಮ್ಮದಿಯಲ್ಲಿದೆ’ ಎಂದು ಪರಿಗಣಿಸಿ ಒಳಗೆ ಕಳುಹಿಸತಕ್ಕದ್ದೆಂದೂ, ಮೆಲುಕು ಹಾಕದ ಕುರಿಯನ್ನು ದೊಡ್ಡಿಗೆ ಮರಳಿಸಿ, ಮೇವು ಕೊಟ್ಟು, ಸಮಾಧಾನಪಡಿಸತಕ್ಕದ್ದೆಂದೂ ಉಲ್ಲೇಖ (೧)ರಲ್ಲಿ ಸೂಚಿಸಲಾಗಿತ್ತು. ಈ ನಿಯಮ ಬರೆದವರು ಯಾರೆಂಬ ಪ್ರಶ್ನೆ ಇಲ್ಲಿ ಅಪ್ರಸ್ತುತ.

ನಿಯಮಕ್ಕೆ ಎಲ್ಲ ಕುರಿಗಳೂ ತಲೆಬಾಗಿವೆ, ಒಂದನ್ನು ಬಿಟ್ಟು. ತಾಯಿಯಿಲ್ಲದ ಮರಿಯಾಗಿದ್ದಾಗ ಮೇವಿನ ಅಕ್ಕನವರು ಬಾಟಲಿ ಹಾಲು ಕುಡಿಸಿ ಬೆಳೆಸಿದ ಸದರಿ ಟಗರು, ಹೊತ್ತಿಗೆ ಸರಿಯಾಗಿ ಊಟ ಬಾರದಿದ್ದರೆ ಮುಖ ತಿರುಗಿಸಿ ನಿಲ್ಲುವ ಕಾರಣ ಸಿಬ್ಬಂದಿಯಿಂದ ‘ಅಳಿಯ’ ಎಂದು ಕರೆಯಲ್ಪಡುತ್ತದೆ. ತಪಾಸಣಾಧಿಕಾರಿ ಕಂಡೊಡನೆ ಇದು ಮೆಲುಕು ನಿಲ್ಲಿಸಿ, ಬಾಯಿ ಬಿಗಿಹಿಡಿದು, ಅವರನ್ನೇ ದಿಟ್ಟಿಸುತ್ತದೆ. ಅವರು ಬೆನ್ನು ತಿರುಗಿಸಿದೊಡನೆ ಮೆಲುಕು ಮುಂದುವರಿಸುತ್ತದೆ. ಇದು ಬೇಕೆಂದೇ ಮಾಡುತ್ತಿರುವುದೆಂದು ವಿಭಾಗವು ಬಲವಾಗಿ ನಂಬುತ್ತದೆ.

ಈ ವಾರ ಅಳಿಯನನ್ನು ಹೇಗಾದರೂ ನೆಮ್ಮದಿಪಡಿಸಿ ಒಳಗೆ ಕಳುಹಿಸಲು ಮೇಲಿನಿಂದ ಆದೇಶವಾಗಿದೆ. ಹಾಗಾಗಕೂಡದೆಂದು ಮೇವಿನ ಅಕ್ಕನವರು ಕೋರಿದ್ದಾರೆ. ಎರಡನ್ನೂ ಪರಿಶೀಲಿಸಿ ಈ ಕೆಳಕಂಡಂತೆ ಸೂಚಿಸಲಾಗಿದೆ.

೧. ದೊಡ್ಡಿಯ ಬಳಿ ಯಾರೂ ‘ಸಾರು’, ‘ಹುರಿಯುವುದು’, ‘ಮೂಳೆ’ ಎಂಬ ಪದಗಳನ್ನು ಉಚ್ಚರಿಸತಕ್ಕದ್ದಲ್ಲ. ‘ಭಾನುವಾರ’ ಎನ್ನುವ ಬದಲು ‘ಶನಿವಾರದ ಮರುದಿನ’ ಎನ್ನತಕ್ಕದ್ದು. ನೆಂಟರು ಬರುವ ಸುದ್ದಿಯನ್ನು ಗೇಟಿನ ಹೊರಗೆ ಹೇಳಿಕೊಳ್ಳತಕ್ಕದ್ದು.

೨. ಕೊಯ್ಯುವ ಕೆಲಸದ ‘ಕತ್ತಿ ಮಾವ’ನವರು ಕುರಿಗಳ ತೊಡೆಯತ್ತ ನೋಡತಕ್ಕದ್ದಲ್ಲ. ಮುಖವನ್ನು ಮಾತ್ರ, ಕುಶಲ ವಿಚಾರಿಸುವ ರೀತಿಯಲ್ಲಿ ನೋಡತಕ್ಕದ್ದು. “ಹೇಗಿದ್ದೀಯಪ್ಪಾ ಅಂತ ಕೇಳಿದ ಮೇಲೆ ಕೈ ಏಳೋದಿಲ್ಲ ಸಾರ್” ಎಂಬ ಅವರ ಆಕ್ಷೇಪಣೆಯು ಪರಿಶೀಲನೆಯಲ್ಲಿದೆ.

೩. ಮೇವನ್ನು ದಿಢೀರನೆ ಬದಲಿಸಿದರೆ ಕುರಿಯ ಹೊಟ್ಟೆಯೂ ಮನಸ್ಸೂ ಕೆಡುವುದರಿಂದ, ನಾಳೆಯ ಮೇವಿನ ಪಟ್ಟಿಯನ್ನು ಇಂದೇ ದೊಡ್ಡಿಯೆದುರು ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಹಸಿಹುಲ್ಲೆಂದು ಓದಿ ಒಣಹುಲ್ಲು ಹಾಕುವುದನ್ನು ವಿಶ್ವಾಸದ್ರೋಹವೆಂದು ಪರಿಗಣಿಸಲಾಗುವುದು. ಹಿಂಡಿಯ ಹೆಸರು ಬಂದಾಗ ಓದುವವರು ಬಾಯಿ ಚಪ್ಪರಿಸತಕ್ಕದ್ದಲ್ಲ.

೪. ತಪಾಸಣಾಧಿಕಾರಿಯವರ ಬೂಟಿನ ಕಿರುಗುಟ್ಟುವಿಕೆಯೇ ಆತಂಕಕ್ಕೆ ಕಾರಣವೆಂದು ಭಾವಿಸಿ ಅವರನ್ನು ಬರಿಗಾಲಲ್ಲಿ ಕಳುಹಿಸಲಾಯಿತು. ಅಳಿಯ ಕಾಲು ತುಳಿದಿದೆ. ಕಂಬಳಿ ಹೊದಿಸಿ ಅಂಬೆಗಾಲಲ್ಲಿ ಕಳುಹಿಸಲಾಯಿತು. ಉಳಿದ ಕುರಿಗಳು ಅವರನ್ನು ತಮ್ಮವರೆಂದೇ ಒಪ್ಪಿಕೊಂಡವು, ಅಳಿಯ ಗುಮ್ಮಿದೆ. ಕೊನೆಗೆ ಅವರೇ ಮೆಲುಕು ಹಾಕಿ ತೋರಿಸಿದರು. ಅಳಿಯ ಆಸಕ್ತಿಯಿಂದ ನೋಡಿದೆ, ಅಷ್ಟೆ. ಇನ್ನು ಮುಂದೆ ಅಂಬೆಗಾಲಿನ ಪ್ರಯಾಣಕ್ಕೆ ಭತ್ಯೆ ನೀಡಲಾಗುವುದಿಲ್ಲ.

೫. ಪತ್ರವ್ಯವಹಾರದಲ್ಲಿ ‘ಆತಂಕ’ ಎಂಬುದರ ಬದಲು ‘ತಾತ್ಕಾಲಿಕ ಅಸಮಾಧಾನ’ ಎಂದು ಬರೆಯತಕ್ಕದ್ದು. ಇದನ್ನು ಕೇಳಿ ದೊಡ್ಡಿ ಗುಡಿಸುವಾತನು “ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು” ಎಂದಿರುತ್ತಾನೆ. ಕಡತಗಳನ್ನು ತೆಗೆದು ನೋಡಲಾಗಿ, ಸದರಿ ಟಗರಿಗೆ ಮಗಳ ಗಂಡ ಎಂಬ ಹೆಸರು ಎಲ್ಲಿಯೂ ಕಂಡುಬಂದಿಲ್ಲ. ಆತನಿಗೆ ಎಚ್ಚರಿಕೆ ನೀಡಲಾಗಿದೆ.

೬. ಮೇವಿನ ಅಕ್ಕನವರು ಪಕ್ಕದಲ್ಲಿ ನಿಂತರೆ ಅಳಿಯ ನಿಶ್ಚಿಂತೆಯಿಂದ ಮೆಲುಕು ಹಾಕುತ್ತದೆ. ಆದರೆ ಹಾಗೆ ನಿಂತಾಗ ಅವರು ಅಳುತ್ತಾರೆ. ಅವರು ಅತ್ತರೆ ಉಳಿದ ಕುರಿಗಳು ಮೆಲುಕು ನಿಲ್ಲಿಸುತ್ತವೆ. ಆದ್ದರಿಂದ ಆವರಣದಲ್ಲಿ ಅಳುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಕಣ್ಣಲ್ಲಿ ನೀರು ಬಂದವರು ಹೊಟ್ಟಿನ ಧೂಳು ಬಿತ್ತೆಂದು ಲಿಖಿತ ವಿವರಣೆ ನೀಡತಕ್ಕದ್ದು. ವಿವರಣೆ ಕೇಳಿದಾಗ ಅಕ್ಕನವರು, “ಹಾಲು ಕುಡಿಸಿದ ಕೈಯಲ್ಲೇ ಹಿಡಿದು ಕೊಡು ಅಂತೀರಲ್ಲ, ನಿಮಗೆ ಅಕ್ಕತಂಗಿ ಯಾರೂ ಇಲ್ವಾ?” ಎಂದು ಕೇಳಿರುತ್ತಾರೆ. ಕೆಳಗೆ ಸಹಿ ಮಾಡಿರುವವರಿಗೆ ಇಬ್ಬರು ಅಕ್ಕಂದಿರಿದ್ದಾರೆ. ಈ ಮಾಹಿತಿಯನ್ನು ಕಡತದಲ್ಲಿ ಇರಿಸಲಾಗಿದೆ.

೭. ಅಳು ನಿಲ್ಲದ ಕಾರಣ ಅಕ್ಕನವರನ್ನು ಕಡ್ಡಾಯ ರಜೆಯ ಮೇಲೆ ಕಳುಹಿಸಲಾಯಿತು. ಅಂದಿನಿಂದ ಅಳಿಯ ಮೇವು ಮುಟ್ಟಲಿಲ್ಲ. ಅಳಿಯ ಬಾಯಿ ಹಾಕುವ ಮೊದಲು ಉಳಿದವು ಗೋದಲಿಗೆ ಬಾಯಿ ಹಾಕಬಾರದೆಂಬ ಪದ್ಧತಿಯು ದೊಡ್ಡಿಯಲ್ಲಿ ಮೊದಲಿನಿಂದಲೂ ಇದ್ದು, ವಿಭಾಗಕ್ಕೆ ಯಾರೂ ತಿಳಿಸಿರಲಿಲ್ಲ. ಹೀಗಾಗಿ ಇಡೀ ದೊಡ್ಡಿ ಉಪವಾಸ ಬಿದ್ದಿತು. ತಪಾಸಣಾಧಿಕಾರಿಯವರು ಗೋದಲಿಗೆ ತಾವೇ ಬಾಯಿ ಹಾಕಿ ಚಾಲನೆ ನೀಡಿದರೂ ಪ್ರಯೋಜನವಾಗಲಿಲ್ಲ. ಕೆಳಗೆ ಸಹಿ ಮಾಡಿರುವವರು ಖುದ್ದು ಹೋಗಿ “ತಿನ್ನಪ್ಪಾ, ನನ್ನ ಮಾನ ಉಳಿಸಪ್ಪಾ” ಎಂದು ಕೈಮುಗಿಯಲಾಗಿ, ಅಳಿಯ ಅವರ ಬಲಗೈಗೆ ಗುಮ್ಮಿ, ಕೈಯಲ್ಲಿದ್ದ ಉಲ್ಲೇಖ (೨)ನ್ನು ಮೊಹರಿನ ಸಮೇತ ತಿಂದಿದೆ. ಕುರಿಗಳ ಪಕ್ಕೆಲುಬು ಕಾಣತೊಡಗಿದ ಮೇಲೆ ಅಕ್ಕನವರನ್ನು ಮನೆಯಿಂದ ಕರೆಸಲಾಯಿತು. ಅವರು ಬಾಗಿಲಲ್ಲಿ ನಿಂತು “ಬಾರೋ ಕಂದಾ, ಹಸಿವಾಯ್ತಾ?” ಎಂದದ್ದೇ ತಡ, ಅಳಿಯ ಓಡಿ ಬಂದು ಗೋದಲಿಗೆ ಬಾಯಿ ಹಾಕಿತು. ಹಿಂದೆಯೇ ಇಡೀ ದೊಡ್ಡಿ ಮುಗಿಬಿದ್ದಿತು. ಕತ್ತಿ ಮಾವನವರ ಕಣ್ಣಿಗೆ ಹೊಟ್ಟಿನ ಧೂಳು ಬಿದ್ದ ಬಗ್ಗೆ ವಿವರಣೆ ಸ್ವೀಕೃತವಾಗಿದೆ.

೮. ಮೇಲ್ಕಂಡ ಸಂಗತಿಗಳನ್ನು ಅವಲೋಕಿಸಲಾಗಿ, ಗೋದಲಿ, ನೀರಿನ ತೊಟ್ಟಿ ಮತ್ತು ತೂಕದ ಯಂತ್ರಗಳಿಲ್ಲದೆ ಹೇಗೋ ಹಾಗೆಯೇ ಅಳಿಯನಿಲ್ಲದೆಯೂ ದೊಡ್ಡಿ ನಡೆಯದೆಂಬುದು ರುಜುವಾತಾಗಿದೆ. ಆದುದರಿಂದ ಸದರಿ ಟಗರನ್ನು ಇನ್ನು ಮುಂದೆ ಪ್ರಾಣಿಯೆಂದು ಪರಿಗಣಿಸದೆ, ಘಟಕದ ಉಪಕರಣವೆಂದು ಪರಿಗಣಿಸಲು ಆದೇಶಿಸಲಾಗಿದೆ. ಉಪಕರಣವನ್ನು ಕೊಯ್ಯಲು ನಿಯಮಗಳಲ್ಲಿ ಅವಕಾಶವಿಲ್ಲ. ಕೊಂಬಿನ ಮೇಲೆ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದು, ಆಗಾಗ ಧೂಳು ಒರೆಸುತ್ತಾ, ತಾನಾಗಿ ಹಾಳಾಗುವವರೆಗೂ ಬಳಸತಕ್ಕದ್ದು. ಹಳೆಯ ಉಪಕರಣವನ್ನು ವಿಲೇವಾರಿ ಮಾಡಿದ ನಿದರ್ಶನ ಈ ಘಟಕದಲ್ಲಿ ಇದುವರೆಗೆ ಇಲ್ಲ. ಮೂರು ಕಾಲಿನ ಮೇಜು ಇಂದಿಗೂ ಸೇವೆಯಲ್ಲಿದೆ.

೯. ಉಳಿದ ಕುರಿಗಳು ಉಪಕರಣವಾಗಲು ಅರ್ಜಿ ಸಲ್ಲಿಸತಕ್ಕದ್ದಲ್ಲ.

ಸಹಿ/-
ಹಿರಿಯ ನೆಮ್ಮದಿ ಅಧಿಕಾರಿ
(ಕಂಡಿಕೆ ೭ರ ಕಾರಣ ಎಡಗೈಯಲ್ಲಿ)

ಪ್ರತಿಗಳು:
ಮೇಲಧಿಕಾರಿಗಳಿಗೆ, ಕೋಪ ಇಳಿದ ಮೇಲೆ ಓದಲು.
ತಪಾಸಣಾಧಿಕಾರಿಗೆ, ಕಂಬಳಿ ಹಿಂದಿರುಗಿಸಲು ಕೋರಿ.
ಕತ್ತಿ ಮಾವನವರಿಗೆ, ಮಾಹಿತಿಗಾಗಿ ಮತ್ತು ಸಮಾಧಾನಕ್ಕಾಗಿ.
ಸೂಚನಾ ಫಲಕಕ್ಕೆ, ಉಪಕರಣದ ಬಾಯಿಗೆ ಎಟುಕದ ಎತ್ತರದಲ್ಲಿ.
ಉಪಕರಣಕ್ಕೆ, ತಿನ್ನಲು.
ಮೇವಿನ ಅಕ್ಕನವರಿಗೆ. ಕಂಡಿಕೆ ೬ನ್ನು ಇವತ್ತಿನ ಮಟ್ಟಿಗೆ ಸಡಿಲಿಸಲಾಗಿದೆ. ಮನಸಾರೆ ಅಳಬಹುದು.