ಅತ್ತೆಯ ಪಾಠ, ಅಜ್ಜಿಯ ಹೆಪ್ಪು

ನಮ್ಮ ಅತ್ತೆಯ ಮನೆಯಲ್ಲಿ ಬಿಸಿ ಊಟ ಉಂಡವರು ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಬೇಕು! ನಾನಂತೂ ಎತ್ತಲಾರೆ. ಈಕೆ ನನ್ನ ಅಪ್ಪನ ಅಕ್ಕ; ಆಕೆಯ ಮನೆಯಲ್ಲಿದ್ದುಕೊಂಡೇ ಹೈಸ್ಕೂಲು ಮುಗಿಸಿದವನು ನಾನು. ಅಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ನಾಲಿಗೆ ಸುಟ್ಟುಕೊಂಡ ನೆನಪಿಲ್ಲ. ಹಾಗಂತ ಆಕೆಯ ಅಡುಗೆಗೆ ಹೆಸರಿಡುವಂತಿಲ್ಲ. ಒಲೆಯಿಂದ ಎಲ್ಲವೂ ಹೊಗೆಯಾಡುತ್ತಲೇ ಇಳಿಯುತ್ತದೆ. ಒಲೆಗೂ ನಮ್ಮ ಬಾಯಿಗೂ ನಡುವೆ ಒಂದು ಪಾಠ ಬರುತ್ತದೆ, ಅಷ್ಟೇ.

ಪಾಠವೆಂದರೆ ದೇವರ ಪಾಠ. ನವಲಗುಂದದಿಂದಾಚೆ ಎರೆಹೊಲಗಳ ನಡುವಿನ ಅತ್ತೆಯ ಊರಿನಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಪಾದ್ರಿಗಳು ಭಾನುವಾರ ಹುಬ್ಬಳ್ಳಿ ಬಸ್ಸಿಗೆ ಬಂದು, ಪ್ರಸಂಗ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡುತ್ತಾರೆ. ವಾರದ ಉಳಿದ ದಿನಗಳಲ್ಲಿ ನಮ್ಮ ಆತ್ಮಗಳ ಗತಿಯೇನು? ಆ ಹೊಣೆಯನ್ನು ಯಾರೂ ಕೇಳದಿದ್ದರೂ ಅತ್ತೆ ಹೊತ್ತುಕೊಂಡಿದ್ದಾಳೆ. ಅದಕ್ಕೆ ಆಕೆಗೆ ಗ್ರಂಥವೂ ಬೇಡ, ಕನ್ನಡಕವೂ ಬೇಡ. ತಾಟಿಗೆ ಏನು ಬಿದ್ದಿದೆಯೋ ಅದೇ ಅಂದಿನ ಪ್ರಸಂಗ.

ಜೋಳದ ರೊಟ್ಟಿ ಬಡಿಯುತ್ತಲೇ ಶುರುಮಾಡುತ್ತಾಳೆ. "ನೋಡ್ರಿ, ಬಡದಷ್ಟೂ ಅಗಲ ಆಗತೈತಿ. ದೇವ್ರು ನಮ್ಮನ್ನ ಬಡಿಯೂದೂ ಹಿಂಗ. ಸಿಟ್ಟಿಲೆ ಅಲ್ಲ, ಅಗಲ ಆಗ್ಲಿ ಅಂತ."

ಮಾವ ತಮ್ಮ ಹೊಟ್ಟೆ ಸವರಿಕೊಂಡು ನಿಟ್ಟುಸಿರುಬಿಡುತ್ತಾರೆ. "ಹಂಗಾರ ನನ್ನ ಭಾಳ ಬಡದಾನ ಬಿಡು."

ಬದನೆಕಾಯಿ ಎಣ್ಣೆಗಾಯಿಯ ದಿನ ಬೇರೆ ಪಾಠ. "ನಾಕು ಹೋಳಾದ್ರೂ ತೊಟ್ಟು ಬಿಟ್ಟಿಲ್ಲ ನೋಡು. ಸಂಸಾರ ಹಿಂಗಿರಬೇಕು. ಹಿಡಕೊಂಡಿದ್ದು ಯಾರು? ದೇವ್ರು!" ನಾನು ಬಾಯಿ ಮುಚ್ಚಿಕೊಂಡು ಕೂರಬಹುದಿತ್ತು. "ಅತ್ತಿ, ತೊಟ್ಟು ತಿನ್ನಾಕ ಬರಂಗಿಲ್ಲಲ್ಲ?" ಎಂದೆ. ಆವತ್ತು ನನ್ನ ತಾಟಿಗೆ ಎರಡನೆಯ ಬದನೆಕಾಯಿ ಬೀಳಲಿಲ್ಲ.

ಇದನ್ನೆಲ್ಲ ಆಕೆ ಕೂತು ಹೇಳುತ್ತಾಳೆಂದುಕೊಂಡಿರಾ? ಕೂತರೆ ತಾನೆ! ಸೌಟು ಹಿಡಿದು ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ನೀರಿನ ಕೊಡಕ್ಕೆ, ಅಲ್ಲಿಂದ ಮತ್ತೆ ಒಲೆಗೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ. ಆಕೆ ಹೋದತ್ತ ನಾವು ಕತ್ತು ತಿರುಗಿಸುತ್ತ ಕೂತಿರಬೇಕು. ಕೊನೆಗೊಮ್ಮೆ "ಆಮೆನ್" ಬರುತ್ತದೆ. ಅದು ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ನಮ್ಮೆಲ್ಲರ ಕೈಗಳು ರೊಟ್ಟಿ ಬುಟ್ಟಿಯ ಮೇಲೆ ಬಿದ್ದಿರುತ್ತವೆ.

ಆದರೆ ಆಕೆಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮೊಸರು. ತವರೂರಾದ ತಂಬೂರಿನಿಂದ ಮದುವೆಯಾಗಿ ಬರುವಾಗ ಬಂಗಾರವನ್ನು ಟ್ರಂಕಿಗೆ ಹಾಕಿ, ತನ್ನವ್ವ, ಅಂದರೆ ನನ್ನ ಅಜ್ಜಿ, ಕೊಟ್ಟ ಹೆಪ್ಪಿನ ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಳಂತೆ! ಅಂದಿನಿಂದ ಇವತ್ತಿನ ಮೊಸರಿನಲ್ಲಿ ಒಂದು ಚಮಚ ತೆಗೆದು ನಾಳೆಯ ಹಾಲಿಗೆ ಹಾಕುತ್ತ ಬಂದಿದ್ದಾಳೆ. ಅಜ್ಜಿ ತೀರಿಕೊಂಡು ಎಷ್ಟೋ ಕಾಲವಾಯಿತು. ಆಕೆಯ ಮೊಸರು ಮಾತ್ರ ದಿನವೂ ನಮ್ಮ ಅನ್ನಕ್ಕೆ ಬೀಳುತ್ತಿತ್ತು.

ಒಂದು ಸಂಜೆ ಹಾಲಿನ ಬಿಸಿ ಬೆರಳಲ್ಲಿ ನೋಡುತ್ತ ಅತ್ತೆ ಹೇಳಿದಳು: "ಬಿಸೀನೂ ಅಲ್ಲ, ತಣ್ಣಗೂ ಅಲ್ಲ, ಅಂಥಾ ಭಕ್ತಿ ದೇವ್ರಿಗೆ ಸೇರಂಗಿಲ್ಲ. ಉಗುರುಬೆಚ್ಚಗ ಇದ್ದವರನ್ನ ಉಗುಳಿಬಿಡ್ತಾನ."

"ಮತ್ತ ಹಾಲು ಉಗುರುಬೆಚ್ಚಗ ಇಲ್ಲಂದ್ರ ಹೆಪ್ಪ ಹತ್ತಂಗಿಲ್ಲಲ್ಲ?" ಎಂದರು ಮಾವ.

ಚಮಚ ಗಾಳಿಯಲ್ಲೇ ನಿಂತಿತು. ಗೆದ್ದೆವು ಎಂದುಕೊಂಡೆವು. ಅತ್ತೆ ಹೆಪ್ಪು ಹಾಕಿ, ಮುಚ್ಚಳ ಮುಚ್ಚಿ, "ಅದಕ್ಕ ಮಸರಿಗೆ ಸ್ವರ್ಗ ಇಲ್ಲರಿ. ನೀವು ಉಣ್ರಿ," ಎಂದು ಹೊರಟೇಹೋದಳು!

ಈ ಹೆಪ್ಪಿನ ವಿಷಯದಲ್ಲಿ ಬಾಜೂ ಮನೆಯ ನೀಲವ್ವನಿಗೂ ಅತ್ತೆಗೂ ಹಳೆಯ ಜಟಾಪಟಿ. ದೀಪ ಹಚ್ಚಿದ ಮೇಲೆ ನೀಲವ್ವನ ಹೊಸ್ತಿಲು ದಾಟಿ ಹಾಲು, ಮೊಸರು, ಹೆಪ್ಪು ಹೊರಗೆ ಬರುವಂತಿಲ್ಲ. ಲಕ್ಷ್ಮಿ ಜೊತೆಗೇ ಹೋಗಿಬಿಡುತ್ತಾಳೆ. ಕೇಳಿದವರು ಯಾರೇ ಆಗಲಿ, ನಾಳೆ ಬಾ. ಆದರೆ ತನ್ನ ಮೊಸರು ಹುಳಿಯಾದಾಗ ಬಟ್ಟಲು ಹಿಡಿದು ನಮ್ಮ ಮನೆಗೆ ಬರುವುದು ಮಾತ್ರ ಕತ್ತಲಾದ ಮೇಲೆಯೇ. ಕೊಡಬಾರದೆಂದು ನಿಯಮವಿದೆ, ತೊಗೊಳ್ಳಬಾರದೆಂದು ಇಲ್ಲವಲ್ಲ!

ಅತ್ತೆ ಒಂದು ದಿನವೂ ಇಲ್ಲವೆನ್ನಲಿಲ್ಲ. ಪಾಠವನ್ನೂ ಬಿಡಲಿಲ್ಲ. "ದೇವ್ರ ರಾಜ್ಯಕ್ಕ ಬಾಗ್ಲಾ ಹಾಕೂ ಹೊತ್ತಿಲ್ಲ, ನೀಲವ್ವಾ."

"ಬಾಗ್ಲಾ ತಗದ ಇಟ್ರ ಕಳ್ಳರು ಬರ್ತಾರ್ರಿ ಅಕ್ಕಾರ."

"ಬರ್ಲಿ ಬಿಡು. ನಮ್ಮ ಸ್ವಾಮಿ ಜೋಡಿ ಶಿಲುಬಿಗೇರಿ ಮೊದ್ಲ ಸ್ವರ್ಗದೊಳಗ ಹೋದಾಂವನೂ ಕಳ್ಳನ!"

ಇಂಥ ಬಾಯಿ ಕಳೆದ ಬೇಸಿಗೆಯಲ್ಲಿ ಬಂದ್ ಆಯಿತು. ಹೊಟ್ಟೆನೋವೆಂದು ಹುಬ್ಬಳ್ಳಿಗೆ ಹೋದಳು, ಪಿತ್ತಕೋಶದಲ್ಲಿ ಕಲ್ಲು ಎಂದರು, ಆಪರೇಷನ್ ಆಯಿತು. ಡಾಕ್ಟರು ಕಲ್ಲುಗಳನ್ನು ಒಂದು ಸಣ್ಣ ಬಾಟಲಿಯಲ್ಲಿ ಹಾಕಿ ಆಕೆಯ ಕೈಗೇ ಕೊಟ್ಟರು. ನಾವೆಲ್ಲ ಹಾಸಿಗೆಯ ಸುತ್ತ ನಿಂತು ಕಾದೆವು. ಧರ್ಮಗ್ರಂಥದಲ್ಲಿ ಕಲ್ಲಿಗೆ ಬರವೇ? ದೈತ್ಯನ ಹಣೆಗೆ ಬಿದ್ದ ಕಲ್ಲಿದೆ, ಸಮಾಧಿಯಿಂದ ಉರುಳಿದ ಕಲ್ಲಿದೆ. ಬೇರೆ ಕಾಲವಾಗಿದ್ದರೆ ಇಡೀ ವಾರ್ಡಿಗೆ ಪ್ರಸಂಗವಾಗುತ್ತಿತ್ತು! ಅತ್ತೆ ಬಾಟಲಿಯನ್ನು ನೋಡಿದಳು, ಪಕ್ಕಕ್ಕಿಟ್ಟಳು, ಗೋಡೆಯ ಕಡೆ ಹೊರಳಿದಳು.

ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೆ ಆಕೆ ಹೆದರಿಬಿಟ್ಟಿದ್ದಳು. ತಾನೂ ಒಂದು ದಿನ ಸಾಯುತ್ತೇನೆಂಬುದು ಆ ಮಂಚದ ಮೇಲೆ ಮೊದಲ ಸಲ ಹೊಳೆದಿತ್ತೋ ಏನೋ. ಗಂಜಿ ಕೊಟ್ಟರೆ ಬೇಡ, ಹಣ್ಣು ಕೊಟ್ಟರೆ ಬೇಡ. ಆಕೆಯ ಮಗಳು ಆಸ್ಪತ್ರೆಯಿಂದ ಫೋನು ಮಾಡಿ ಅಳುತ್ತಿದ್ದಳು. "ಒಂದ ಮಾತು ಹೇಳ್ತಾಳ. ಮನಿಗೆ ಹೋಗಿ ನಮ್ಮವ್ವನ ಮಸರ ಉಣ್ತೀನಿ, ಅಲ್ಲೀತನ ಏನೂ ಬ್ಯಾಡ ಅಂತ."

ಆಕೆ ಬಿಡುಗಡೆಯಾಗುವ ಹಿಂದಿನ ದಿನ ನಾನು ಊರಿಗೆ ಹೋದೆ. ಮಾವ ಬಾಗಿಲಲ್ಲೇ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದರು. ಜನ್ಮದಲ್ಲಿ ಲೋಟ ತೊಳೆಯದ ಮನುಷ್ಯ ಇಡೀ ಅಡುಗೆಮನೆ ತೊಳೆದಿದ್ದರು! ಹೆಂಡತಿ ಬಂದು ನೋಡಿ ಬೆರಗಾಗಬೇಕಂತೆ. ಫ್ರಿಜ್ಜಿನ ಬಾಗಿಲನ್ನು ಮದುಮಗಳ ಸೆರಗು ಸರಿಸಿದಂತೆ ತೆಗೆದು ತೋರಿಸಿದರು.

"ಇದರಾಗ ಒಂದು ಕುಡಿಕಿ ಇತ್ತು ನೋಡಪಾ, ಹುಳಿವಾಸನಿ! ಸೋಪಿನ ಪುಡಿ ಹಾಕಿ, ಬಿಸಿನೀರು ಸುರುವಿ ತಿಕ್ಕೀನಿ. ಹೆಂಗ ಆಗೇತಿ?"

ಕುಡಿಕೆ ಕಿಟಕಿಯ ಬಿಸಿಲಲ್ಲಿ ಬೋರಲು ಬಿದ್ದಿತ್ತು. ಎತ್ತಿ ನೋಡಿದೆ, ಅಜ್ಜಿಯ ಹೆಪ್ಪಿನ ಕುಡಿಕೆಯೇ. ನನ್ನ ಮುಖ ನೋಡಿ ಮಾವನಿಗೆ ಅರ್ಥವಾಯಿತು.

"ಅಂಗಡ್ಯಾಗಿಂದ ಪಾಕೀಟ ಮಸರ ತರ್ಲೇನ್ರಿ ಮಾವ?"

"ಆಕಿಗೆ ಗೊತ್ತಾಗಂಗಿಲ್ಲ ಅಂತೀಯೇನ? ಮೊದ್ಲ ತುತ್ತಿಗೆ ನಮ್ಮವ್ವ ಎಲ್ಲಿ ಅಂತ ಕೇಳ್ತಾಳ."

ಆಮೇಲೆ ಮಾವ ಕೂಡಲಿಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ, ಥೇಟ್ ಅತ್ತೆಯೇ! ಉಳಿದಿದ್ದು ಒಂದೇ ಮನೆ. ಆದರೆ ಅಷ್ಟರಲ್ಲಿ ಹೊತ್ತು ಮುಳುಗಿತ್ತು, ನೀಲವ್ವ ದೀಪ ಹಚ್ಚಿಯಾಗಿತ್ತು.

ನಾವಿಬ್ಬರೂ ಅವಳ ಹೊಸ್ತಿಲ ಹೊರಗೆ ನಿಂತು ಆದದ್ದನ್ನೆಲ್ಲ ಹೇಳಿದೆವು. ನೀಲವ್ವ ನಮ್ಮನ್ನು ನೋಡಿದಳು, ತಿರುಗಿ ದೀಪ ನೋಡಿದಳು. "ದೀಪಾ ಹಚ್ಚೀನಲ್ರಿ ಅಣ್ಣಾರ," ಎಂದಷ್ಟೇ ಹೇಳಿ ಒಳಗೆ ಹೋದಳು. ಮಾವ ಚಪ್ಪಲಿ ಮೆಟ್ಟಿದರು, ಬಿಟ್ಟರು, ಮತ್ತೆ ಮೆಟ್ಟಿದರು.

ನೀಲವ್ವ ತಿರುಗಿ ಬಂದಾಗ ಕೈಯಲ್ಲಿ ತಾಟು ಮುಚ್ಚಿದ ಬಟ್ಟಲಿತ್ತು. "ನಾ ಕೊಟ್ಟೆ ಅನ್ನಬ್ಯಾಡ್ರಿ ಮತ್ತ. ನಮ್ಮ ಮನೀದು ಏನೂ ಹೊರಗ ಹೋಗವಲ್ದು. ಇದು ಅಕ್ಕಾರದು. ತನ್ನ ಮನಿಗೆ ತಾ ಹೊಂಟೈತಿ."

ಮರುದಿನ ಮಧ್ಯಾಹ್ನ ಅತ್ತೆ ಬಂದಳು, ಅರ್ಧ ಇಳಿದುಹೋಗಿದ್ದಳು. ಜಮಖಾನೆಯ ಮೇಲೆ ಕೂರಿಸಿ, ಮುಂದೆ ಮೊಸರನ್ನ ಇಟ್ಟೆವು. ನಮ್ಮ ತಾಟುಗಳಲ್ಲಿ ಸಾರು ಹೊಗೆಯಾಡುತ್ತಿತ್ತು. ಪಾಠ ಬರಲಿ ದೇವರೇ, ಎಷ್ಟು ಉದ್ದವಾದರೂ ಬರಲಿ, ಎಂದು ನಾನು ನಿಜವಾಗಿಯೂ ಬೇಡಿಕೊಂಡೆ. ಬರಲಿಲ್ಲ. ಸುಮ್ಮನೆ ಒಂದು ತುತ್ತು ಬಾಯಿಗಿಟ್ಟಳು. ಕಣ್ಣು ಮುಚ್ಚಿ ನುಂಗಿದಳು. ಇನ್ನೊಂದು ತುತ್ತು ಕಲಸಿದಳು.

ಮಾವನಿಗೆ ತಡೆಯಲಾಗಲಿಲ್ಲ. ಎದ್ದೇಬಿಟ್ಟರು. "ಲೇ, ನಿಮ್ಮವ್ವನ ಹೆಪ್ಪ ನಾ ತೊಳದು ಬಚ್ಚಲಕ್ಕ ಹಾಕೀನಿ."

ತುತ್ತು ಕೈಯಲ್ಲೇ ಉಳಿಯಿತು.

"ಇದು ನೀಲವ್ವನ ಮನ್ಯಾಗಿಂದು. ನೀ ಆಕಿಗೆ ಕೊಟ್ಟಿದ್ದಿ." ಮಾವ ಸೌಟು ಹಿಡಿದುಕೊಂಡೇ ಒಲೆಯವರೆಗೆ ಹೋದರು, ತಿರುಗಿ ಬಂದರು. "ನೋಡು... ಇಟ್ಟಕೊಂಡಿದ್ದು ತೊಳದು ಹೋತು. ಕೊಟ್ಟಿದ್ದಷ್ಟ ಉಳದೈತಿ." ಮತ್ತೆ ಬಾಗಿಲವರೆಗೆ ಹೋದರು. ಬೆನ್ನು ನಮ್ಮ ಕಡೆಗಿತ್ತು. "ನೀ ಇಲ್ಲದಾಗ ನಾ ದಿನಾ ಬಿಸಿಬಿಸಿ ಉಂಡೆ. ಒಂದು ತುತ್ತೂ ಒಳಗ ಇಳೀಲಿಲ್ಲ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಾಠ ಹೇಳೂ ಮುಂದ ಹಂಗ ಅಡ್ಡಾಡಬಾರದ್ರಿ, ಕೇಳವರಿಗೆ ಕುತಿಗಿ ನೋಯತೈತಿ," ಎಂದಳು. ಆಮೇಲೆ, ಬಹಳ ಮೆಲ್ಲಗೆ, "ಆಮೆನ್."

ಸಾರು ಆರುತ್ತಿತ್ತು. ಒಬ್ಬರ ಕೈಯೂ ತಾಟಿನ ಕಡೆ ಹೋಗಲಿಲ್ಲ.